ಲೆವೆಲ್ 80 ಆಗುವವರೆಗೆ ಕಾಯಬೇಕಾಗಿಲ್ಲ

ಗಿಲ್ಡ್ ವಾರ್ಸ್ 2 ಎಂಬ ಆನ್‌ಲೈನ್ ಆಟದಲ್ಲಿ ನಿಮ್ಮ ಪಾತ್ರ ರೇಂಜರ್ ಇನ್ನೂ ಲೆವೆಲ್ 30, ಒಳ್ಳೆ ಗೇರ್ ಇಲ್ಲ, ಈಗಲೇ ಪಿವಿಪಿಗೆ, ಅಂದರೆ ಬೇರೆ ಆಟಗಾರರ ವಿರುದ್ಧದ ಹೋರಾಟಕ್ಕೆ, ಇಳಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಇಳಿಯಿರಿ. ಇಲ್ಲಿ ಪಿವಿಪಿಗೆ ಹೋದ ಕೂಡಲೇ ಎಲ್ಲರೂ ಆಟದ ಅತಿ ಹೆಚ್ಚಿನ ಮಟ್ಟವಾದ ಲೆವೆಲ್ 80. ನಿಮ್ಮ ರಕ್ಷಾಕವಚದ ಬಲ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಪಾತ್ರದ ಬಲ ಬರುವುದು ಪಿವಿಪಿಯಲ್ಲೇ ನೀವು ಆರಿಸುವ ಅಮ್ಯುಲೆಟ್ (ತಾಯಿತ), ರೂನ್, ಸಿಜಿಲ್ ಎಂಬ ವಸ್ತುಗಳಿಂದ. ಅವು ಎಲ್ಲರಿಗೂ ಪುಕ್ಕಟೆ. ಎಲೀಟ್ ಸ್ಪೆಷಲೈಸೇಶನ್ (ಪಾತ್ರಕ್ಕೆ ಹೊಸ ಸಾಮರ್ಥ್ಯ ಕೊಡುವ ವಿಶೇಷ ರೂಪ) ಬೇಕಾದರೆ ಮಾತ್ರ ಎಕ್ಸ್‌ಪ್ಯಾನ್ಶನ್, ಅಂದರೆ ಆಟದ ಹೆಚ್ಚುವರಿ ಭಾಗ, ಕೊಳ್ಳಬೇಕು, ಶುರುವಿಗೆ ಅದು ಬೇಡ.

ಮೊದಲು ಪಿವಿಪಿಯ ತಂಗುದಾಣವಾದ ಹಾರ್ಟ್ ಆಫ್ ದ ಮಿಸ್ಟ್ಸ್‌ನಲ್ಲಿರುವ ಅಭ್ಯಾಸದ ಗೊಂಬೆಗಳ ಮೇಲೆ ಸ್ಕಿಲ್‌ಗಳನ್ನು ಹೊಡೆದು ನೋಡಿ. ಆಮೇಲೆ ಶ್ರೇಯಾಂಕದ ಲೆಕ್ಕವಿಲ್ಲದ ಅನ್‌ರ‍್ಯಾಂಕ್ಡ್ ಪಂದ್ಯ. ಶ್ರೇಯಾಂಕದ ರ‍್ಯಾಂಕ್ಡ್ ಪಂದ್ಯ ಹೇಗೂ ಪಿವಿಪಿ ಆಡುತ್ತಾ ಏರುವ ರ‍್ಯಾಂಕ್ 20ಕ್ಕೆ ತೆರೆಯುತ್ತದೆ.

ಹೊಸಬರು ಜಾಸ್ತಿ ಎಡವುವುದು ಕಾಂಕ್ವೆಸ್ಟ್ ಎಂಬ ಪಿವಿಪಿ ಪಂದ್ಯದ ಲೆಕ್ಕದಲ್ಲಿ. ಐದು ಜನರ ಎರಡು ತಂಡ, ವೃತ್ತದೊಳಗೆ ನಿಂತು ಹಿಡಿಯಬೇಕಾದ ಮೂರು ಜಾಗ, ಮೊದಲು 500 ಅಂಕ ಮುಟ್ಟಿದವರು ಗೆದ್ದಂತೆ. ಒಬ್ಬರನ್ನು ಕೊಂದರೆ ಸಿಗುವುದು ಬರೀ 5 ಅಂಕ. ಹಿಡಿದ ಜಾಗ ಮಾತ್ರ ಅಂಕ ಕೊಡುತ್ತಲೇ ಇರುತ್ತದೆ. ಹಾಗಾಗಿ ವೃತ್ತದ ಹೊರಗೆ ಸುಮ್ನೆ ಹೊಡೆದಾಡಬೇಡಿ. ರೇಂಜರ್‌ಗೆ ಲಾಂಗ್‌ಬೋ (ಉದ್ದ ಬಿಲ್ಲು) ಇರುವುದರಿಂದ ದೂರ ನಿಲ್ಲುವ ಆಸೆ ಬರುತ್ತದೆ, ಅಲ್ವಾ? ಆದರೆ ಎದುರಾಳಿಗಳು ಜಾಗ ಕಸಿಯಲು ಬಂದಾಗ ವೃತ್ತದೊಳಗೆ ನಮ್ಮವರು ಒಬ್ಬರಾದರೂ ನಿಂತಿರಬೇಕು. ಮೂವರು ಎದುರಾಳಿಗಳು ಒಟ್ಟಿಗೆ ನಿಮ್ಮ ಮೇಲೆ ಬಂದರೆ ಓಡಿ, ಅದರಲ್ಲಿ ನಾಚಿಕೆ ಏನಿಲ್ಲ. ಆಗ ಬೇರೆ ಎರಡು ಜಾಗದಲ್ಲಿ ಅವರು ಕಡಿಮೆ ಇರುತ್ತಾರೆ, ಮಿನಿಮ್ಯಾಪ್ ನೋಡಿ ಅಲ್ಲಿಗೆ ಹೋಗಿ.

ಏಟು ತಪ್ಪಿಸಿಕೊಳ್ಳಲು ಇರುವ ಡಾಡ್ಜ್ ಎರಡನ್ನೂ ಶುರುವಿನಲ್ಲೇ ಮುಗಿಸಬೇಡಿ. ಸ್ಟನ್ ಬ್ರೇಕ್ (ಏಟಿನಿಂದ ಸ್ತಬ್ಧರಾದಾಗ ಬಿಡಿಸಿಕೊಳ್ಳುವುದು) ಇರುವ ಸ್ಕಿಲ್ ಒಂದಾದರೂ ಇಟ್ಟುಕೊಳ್ಳಿ. ಯಾವ ಆಯುಧ ಬಳಸುತ್ತಿದ್ದೀರಿ ಅಂತ ತಿಳಿಸಿದರೆ ಬಿಲ್ಡ್, ಅಂದರೆ ಸ್ಕಿಲ್-ಆಯುಧಗಳ ಜೋಡಣೆ, ಬಗ್ಗೆಯೂ ಹೇಳುತ್ತೇನೆ.