ಬೇರಿನ ಸುದ್ದಿ ಎಲೆಗೆ ಮುಟ್ಟುವುದು ಹೇಗೆ?

ಪ್ರಶ್ನೆ: ಕುಂಡದ ಮಣ್ಣು ಒಣಗಿದ್ದು ಎಲೆಗೆ ಹೇಗೆ ಗೊತ್ತಾಗುತ್ತದೆ? ಗಿಡಕ್ಕೆ ಮಿದುಳೂ ಇಲ್ಲ, ನರವೂ ಇಲ್ಲ ಅಲ್ವಾ?

ಉತ್ತರ: ಹೌದು, ಎರಡೂ ಇಲ್ಲ. ಆದರೆ ಎಲೆ ಜೋತು ಬಿದ್ದದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಗಿಡ ಸುಮ್ನೆ ಕೂತಿರುವುದಿಲ್ಲ, ಒಳಗೆ ಎಷ್ಟೋ ಕೆಲಸ ಆಗಿಹೋಗಿರುತ್ತದೆ.

ಮಣ್ಣಲ್ಲಿ ನೀರು ಕಡಿಮೆಯಾದರೆ ಬೇರಿಂದ ಎಲೆತನಕ ಇರುವ ನೀರಿನ ಎಳೆ ಬಿಗಿಯಾಗುತ್ತದೆ. ಆ ಬಿಗಿತವೇ ಒಂದು ಸುದ್ದಿ. ಇನ್ನೊಂದು ಸುದ್ದಿಯನ್ನು ಬೇರು ತಾನೇ ಕಳಿಸುತ್ತದೆ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಜಪಾನಿನ ವಿಜ್ಞಾನಿಗಳು 2018ರಲ್ಲಿ ಇದನ್ನು ತೋರಿಸಿದರು: ಬಾಯಾರಿದ ಬೇರು ಸಿಎಲ್‌ಇ25 ಎಂಬ ಚಿಕ್ಕ ಪೆಪ್ಟೈಡನ್ನು (ಪ್ರೋಟೀನಿನ ಪುಟ್ಟ ತುಣುಕಿನಂಥದ್ದು) ಮೇಲಕ್ಕೆ ಕಳಿಸುತ್ತದೆ, ಅದು ಮುಟ್ಟಿದ ಎಲೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ.

ಈಗ ಎಲೆಯ ಅಡಿಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಅಲ್ಲಲ್ಲಿ ನೀರಾವಿ ಹೊರಹೋಗುವ ಪುಟ್ಟ ಪುಟ್ಟ ಬಾಯಿಗಳು, ಒಂದೊಂದಕ್ಕೂ ತುಟಿಗಳ ಹಾಗೆ ಎರಡು ಕಾವಲು ಕೋಶಗಳು. ನೀರು ತುಂಬಿ ಉಬ್ಬಿದಾಗ ಈ ತುಟಿಗಳು ಬಿಲ್ಲಿನಂತೆ ಬಾಗುತ್ತವೆ, ನಡುವೆ ಬಾಯಿ ತೆರೆಯುತ್ತದೆ. ಹಾರ್ಮೋನು ಬಂದು ಕೋಶದೊಳಗಿನ ಗ್ರಾಹಕದ (ಹಾರ್ಮೋನನ್ನು ಗುರುತಿಸುವ ಪ್ರೋಟೀನು) ಮೇಲೆ ಕೂತರೆ, ಅಲ್ಲಿಯವರೆಗೆ ಬಾಯಿ ಮುಚ್ಚದಂತೆ ಬ್ರೇಕ್ ಒತ್ತಿ ಹಿಡಿದಿದ್ದ ಕಿಣ್ವ ಕೈಬಿಡುತ್ತದೆ. ಕ್ಲೋರೈಡ್ ಹೊರಗೆ ಹೋಗುತ್ತದೆ, ಪೊಟ್ಯಾಸಿಯಂ ಹೋಗುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ತುಟಿಗಳು ಸೊರಗಿ ಬಾಯಿ ಮುಚ್ಚುತ್ತದೆ. ಇಷ್ಟೆಲ್ಲ ಕೆಲವೇ ನಿಮಿಷಗಳಲ್ಲಿ! ಆ ಗ್ರಾಹಕ ಯಾವುದೆಂದು ಸರಿಯಾಗಿ ಗೊತ್ತಾಗಿದ್ದು 2009ರಲ್ಲಿ, ಅಷ್ಟು ಈಚೆಗೆ.

ಇದು ಪುಕ್ಕಟೆ ಉಪಾಯವಲ್ಲ. ಬಾಯಿ ಮುಚ್ಚಿದರೆ ಇಂಗಾಲದ ಡೈಆಕ್ಸೈಡೂ ಒಳಗೆ ಬರುವುದಿಲ್ಲ, ಅಂದರೆ ಊಟ ತಯಾರಿಸುವ ಕೆಲಸಕ್ಕೂ ಪೆಟ್ಟು. ಗಿಡ ಹೊಟ್ಟೆ ಕಟ್ಟಿ ನೀರು ಉಳಿಸುತ್ತದೆ. ದಿನಗಟ್ಟಲೆ ಹೀಗೇ ಬಿಟ್ಟರೆ ಸೊರಗದೆ ಇನ್ನೇನು?

ಪ್ರಶ್ನೆ: ಹುಳು ಒಂದು ಎಲೆ ಕಡಿದರೆ ಉಳಿದ ಎಲೆಗಳಿಗೂ ತಿಳಿಯುತ್ತದಂತೆ, ನಿಜವೇ?

ಉತ್ತರ: ನಿಜ, ಮತ್ತು ಅದನ್ನು ಕಣ್ಣಾರೆ ನೋಡಬಹುದು. ಕ್ಯಾಲ್ಸಿಯಂ ಹೆಚ್ಚಾದ ಕಡೆ ಹೊಳೆಯುವ ಪ್ರೋಟೀನ್ ಇರುವ ಅರಾಬಿಡಾಪ್ಸಿಸ್ ಗಿಡಗಳನ್ನು ಬೆಳೆಸಿ ವಿಡಿಯೋ ಮಾಡಿದ್ದಾರೆ, ಇದೂ 2018ರದ್ದೇ. ಕಂಬಳಿಹುಳು ಕಚ್ಚಿದ ಜಾಗದಲ್ಲಿ ಗ್ಲುಟಮೇಟ್ ಸೋರುತ್ತದೆ. ನಮ್ಮ ನರಗಳು ಸುದ್ದಿ ದಾಟಿಸಲು ಬಳಸುವ ಅದೇ ಗ್ಲುಟಮೇಟ್. ತಕ್ಷಣ ಅಲ್ಲಿ ಬೆಳಕು ಹೊತ್ತಿಕೊಂಡು, ಎಲೆಯ ನಾಳಗಳಲ್ಲಿ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಹರಿಯುತ್ತದೆ. ಒಂದೆರಡು ನಿಮಿಷದಲ್ಲಿ ಹುಳು ಇನ್ನೂ ಮುಟ್ಟದ ದೂರದ ಎಲೆಯೂ ಹೊಳೆಯುತ್ತದೆ, ಜಾಸ್ಮೋನಿಕ್ ಆಮ್ಲ ಎಂಬ ರಕ್ಷಣೆಯ ಹಾರ್ಮೋನನ್ನು ತಯಾರಿಸಿ ಹುಳುವಿಗೆ ಎದುರು ನಿಲ್ಲಲು ಸಿದ್ಧವಾಗುತ್ತದೆ.