ಸಂದು ಬಿಟ್ಟರೆ ಟೇಪನ್ನಲ್ಲ, ಮೂಲೆಮಟ್ಟವನ್ನು ನೋಡಿ

ಅಳತೆ ಮತ್ತು ಗುರುತು ಹಾಕುವ ಸಾಧನಗಳ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಈ ಸಲ ಜಾಸ್ತಿ ಜಾಗ ಅದಕ್ಕೇ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ. ಟೇಪು ಓದುವುದು, ಪೆನ್ಸಿಲ್ ಚೂಪು ಮಾಡುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಕಪಾಟಿನ ಬಾಗಿಲಿಗೆ ಚೌಕಟ್ಟು ಮಾಡುತ್ತೇನೆ. ಪ್ರತಿ ಪಟ್ಟಿಯನ್ನೂ ಎರಡೆರಡು ಸಲ ಅಳೆದೇ ಕತ್ತರಿಸುತ್ತೇನೆ. ಮೂರು ಮೂಲೆ ಚೆನ್ನಾಗಿ ಕೂರುತ್ತವೆ, ನಾಲ್ಕನೆಯದು ಬಾಯಿ ಬಿಡುತ್ತದೆ. ಒಂದೊಂದು ಸಲ ನಾಲ್ಕೂ ಕೂರುತ್ತವೆ. ಇನ್ನೂ ಒಳ್ಳೆಯ ಟೇಪು ತೆಗೆದುಕೊಳ್ಳಬೇಕೇ?

ಬೇಡ. ಟೇಪನ್ನು ಪಕ್ಕಕ್ಕಿಟ್ಟು ಮೂಲೆಮಟ್ಟ ಕೈಗೆತ್ತಿಕೊಳ್ಳಿ, ಅಂದರೆ ಕತ್ತರಿಸುವ ಗೆರೆಯನ್ನು 90 ಡಿಗ್ರಿಗೆ ಹಾಕಲು ಬಳಸುವ, ಹಿಡಿಗೆ ತೆಳು ಪಟ್ಟಿ ಕೂರಿಸಿದ ಸಾಧನ. ಎರಡು ಸಲ ಅಳೆದರೆ ನಿಮ್ಮ ಕಣ್ಣಿನ ತಪ್ಪು ಸಿಗುತ್ತದೆ, ಸಾಧನದ ತಪ್ಪು ಸಿಗುವುದಿಲ್ಲ. ಓರೆಯಾದ ಮೂಲೆಮಟ್ಟ ಎರಡನೇ ಸಲವೂ ಅದೇ ಓರೆ ಗೆರೆಯನ್ನೇ ಕೊಡುತ್ತದೆ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರಗಳೂ ನನಗೆ ಬಾಯಿಪಾಠ. ಹೊಸದು, ಕೆಟ್ಟಿರಲಿಕ್ಕಿಲ್ಲ. ಇನ್ನೊಂದು ಮೂಲೆಮಟ್ಟದ ಜೊತೆ ಇಟ್ಟು ನೋಡಿದೆ, ಸರಿಯಾಗಿದೆ. ಪ್ಲೈವುಡ್ ಹಾಳೆಯ ಮೂಲೆಗೆ ಹಿಡಿದೆ, ಕೂತಿತು. ಇವು ಯಾವುವೂ ಪರೀಕ್ಷೆಯಲ್ಲ. ಹೊಸದೂ ಓರೆ ಇರಬಹುದು. ಎರಡು ಓರೆ ಮಟ್ಟಗಳು ಒಂದಕ್ಕೊಂದು ಹೊಂದಬಹುದು. ಹಾಳೆಯ ಮೂಲೆ ಸರಿ ಇದೆ ಅಂತ ನಿಮಗೆ ಹೇಳಿದವರು ಯಾರು? ಅದನ್ನು ನೋಡಲು ಬೇಕಾದದ್ದೂ ಮೂಲೆಮಟ್ಟವೇ ಅಲ್ವಾ?

ನಿಜವಾದ ಪರೀಕ್ಷೆಗೆ ಬೇರೆ ಸಾಧನವೇ ಬೇಡ. ಒಂದು ಅಗಲವಾದ, ಸಮತಟ್ಟಾದ ಹಲಗೆ ತೆಗೆದುಕೊಳ್ಳಿ. ಅದರ ಒಂದು ಅಂಚನ್ನು ಹತ್ತರಿ ಹೊಡೆದು ನೇರ ಮಾಡಿ. ಹಲಗೆಯ ಮೂಲೆ ಹೇಗಿದ್ದರೂ ನಡೆಯುತ್ತದೆ, ಆ ಅಂಚು ಮಾತ್ರ ನೇರ ಇರಲೇಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಅಂಚು ಸ್ವಲ್ಪ ಉಬ್ಬಿದ್ದರೂ ಒಳ್ಳೆಯ ಮೂಲೆಮಟ್ಟವೇ ಓರೆ ಅಂತ ಕಾಣುತ್ತದೆ. ಹಾಗಾಗಿ ಮೊದಲು ಸ್ಕೇಲನ್ನು ಆ ಅಂಚಿಗೆ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಎಲ್ಲಾದರೂ ಬೆಳಕು ನುಸುಳುತ್ತದೆಯೇ ನೋಡಿ. ಸ್ಕೇಲಿನ ಮೇಲೂ ನಂಬಿಕೆ ಇಲ್ಲವಾದರೆ ಅದರ ಅಂಚಿಗೆ ಒಂದು ಗೆರೆ ಎಳೆಯಿರಿ. ಸ್ಕೇಲನ್ನು ಮಗುಚಿ, ಅದೇ ಅಂಚನ್ನು ಆ ಗೆರೆಗೆ ಇನ್ನೊಂದು ಬದಿಯಿಂದ ತಾಗಿಸಿ. ಗೆರೆಯುದ್ದಕ್ಕೂ ಹೊಂದಿದರೆ ಸ್ಕೇಲು ನೇರ.

ಈಗ ಮೂಲೆಮಟ್ಟದ ಹಿಡಿಯನ್ನು ಹಲಗೆಯ ಅಂಚಿಗೆ ಒತ್ತಿ. ಹೆಬ್ಬೆರಳು ಹಿಡಿಯನ್ನು ಅಂಚಿನ ಕಡೆಗೆ ತಳ್ಳುತ್ತಿರಬೇಕು, ಉಳಿದ ಬೆರಳುಗಳು ಮೂಲೆಮಟ್ಟದ ಪಟ್ಟಿಯನ್ನು ಹಲಗೆಗೆ ಅದುಮಿರಬೇಕು. ಹಿಡಿಯ ಕೆಳಗೆ ಒಂದು ಚೂರು ಮರದ ಪುಡಿ ಸಿಕ್ಕಿಕೊಂಡರೂ ಪರೀಕ್ಷೆ ಕೆಟ್ಟಿತು, ಒರೆಸಿಕೊಳ್ಳಿ. ಪೆನ್ಸಿಲ್ ಬೇಡ, ಚೂಪಾದ ಚಾಕುವಿನಿಂದ ಗೆರೆ ಹಾಕಿ. ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ. ಮೂಲೆಮಟ್ಟವನ್ನು ಪುಸ್ತಕದ ಹಾಳೆ ತಿರುವಿದ ಹಾಗೆ ಇನ್ನೊಂದು ಬದಿಗೆ ಮಗುಚಿ. ಮೊದಲ ಗೆರೆ ಅಂಚಿನಲ್ಲಿ ಎಲ್ಲಿ ಶುರುವಾಗಿತ್ತೋ ಅಲ್ಲಿಂದಲೇ ಎರಡನೇ ಗೆರೆ ಹಾಕಿ. ಎರಡೂ ಒಂದೇ ಗೆರೆಯಾಗಿ ಕಂಡರೆ ಮೂಲೆಮಟ್ಟ ಸರಿ. ಮೇಲೆ ಹೋಗುತ್ತಾ ಬೇರೆಯಾದರೆ ಓರೆ. ನೀವು ನೋಡುತ್ತಿರುವುದು ತಪ್ಪಿನ ಎರಡು ಪಟ್ಟು. 150 ಮಿ.ಮೀ. ಉದ್ದದ ಗೆರೆಗಳ ತುದಿಯಲ್ಲಿ 1 ಮಿ.ಮೀ. ಅಂತರ ಇದ್ದರೆ ಮೂಲೆಮಟ್ಟದ ತಪ್ಪು ಅರ್ಧ ಮಿ.ಮೀ.

ಅರ್ಧ ಮಿ.ಮೀ. ತಾನೇ ಅನ್ನಬೇಡಿ. ನಾಲ್ಕು ಮೂಲೆಯ ತಪ್ಪೂ ಒಂದೇ ಕಡೆಗೆ ಕೂಡಿದರೆ 150 ಮಿ.ಮೀ.ಗೆ 2 ಮಿ.ಮೀ. ಆಯಿತು. ನಿಮ್ಮ ಪಟ್ಟಿ 75 ಮಿ.ಮೀ. ಅಗಲ ಇದ್ದರೆ ಕೊನೆಯ ಮೂಲೆಯಲ್ಲಿ 1 ಮಿ.ಮೀ. ಸಂದು. ಮೂರು ಮೂಲೆಗಳನ್ನು ನೀವೇ ಒತ್ತಿ ಕೂರಿಸಿರುತ್ತೀರಿ, ಅವುಗಳ ತಪ್ಪನ್ನೆಲ್ಲ ನಾಲ್ಕನೆಯದು ಹೊರುತ್ತದೆ. ಪಟ್ಟಿಯ ಎರಡು ತುದಿಗೂ ಮೂಲೆಮಟ್ಟವನ್ನು ಒಂದೇ ಮಗ್ಗುಲಲ್ಲಿ ಹಿಡಿದಿದ್ದರೆ ಒಂದು ತುದಿಯ ಹೆಚ್ಚು ಇನ್ನೊಂದು ತುದಿಯ ಕಡಿಮೆಯನ್ನು ತಿಂದುಹಾಕುತ್ತದೆ. ಮಗುಚಿ ಹಿಡಿದಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಒಂದೊಂದು ಸಲ ನಾಲ್ಕೂ ಕೂರುತ್ತವೆ ಅಂದಿರಲ್ಲ, ಕಾರಣ ಇದೇ. ಮರದ್ದಾಗಲಿ ಅಂಟಿನದ್ದಾಗಲಿ ತಪ್ಪಿಲ್ಲ.

3-4-5 ಲೆಕ್ಕದಿಂದ (ಬದಿಗಳು 3 ಮತ್ತು 4, ಕರ್ಣ 5 ಬಂದರೆ ಮೂಲೆ 90 ಡಿಗ್ರಿ) ನೋಡಿದರೆ ಆಗದೇ ಅಂತಲೂ ಕೇಳುತ್ತೀರಿ. ದೊಡ್ಡ ಕೆಲಸಕ್ಕೆ ಅದು ಬಹಳ ಒಳ್ಳೆಯದು. 3, 4, 5 ಮೀಟರ್ ಅಳೆಯುವಾಗ ಕರ್ಣದಲ್ಲಿ 1 ಮಿ.ಮೀ. ತಪ್ಪಿದರೂ ಕೋನ ಕೆಡುವುದು ಡಿಗ್ರಿಯ ನಲವತ್ತನೇ ಒಂದು ಭಾಗದಷ್ಟು. ಆದರೆ 300, 400, 500 ಮಿ.ಮೀ. ಇಟ್ಟುಕೊಂಡು ಅದೇ 1 ಮಿ.ಮೀ. ತಪ್ಪಿದರೆ ಕೋನ ಸುಮಾರು ಕಾಲು ಡಿಗ್ರಿ ಹೋಗುತ್ತದೆ. 150 ಮಿ.ಮೀ. ಗೆರೆಯಲ್ಲಿ ಅದು ಅರ್ಧ ಮಿ.ಮೀ.ಗಿಂತ ಜಾಸ್ತಿ. ಅಂದರೆ ನಿಮ್ಮ ಓರೆ ಮೂಲೆಮಟ್ಟದಷ್ಟೇ ಓರೆ.

ಓರೆ ಇದ್ದರೆ ಏನು ಮಾಡಬೇಕು? ಇಲ್ಲಿ ನನಗೆ ನಿಜಕ್ಕೂ ಕೋಪ ಬರುತ್ತದೆ. ನೆಲಕ್ಕೆ ಕುಟ್ಟಿ ಸರಿ ಮಾಡಿ, ವೈಸಿಗೆ ಹಾಕಿ ಬಗ್ಗಿಸಿ ಅಂತ ಸಲಹೆ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಹಿಡಿಗೆ ಪಟ್ಟಿಯನ್ನು ಸೇರಿಸಿರುವ ರಿವೆಟ್ ಸಡಿಲವಾಗಿ ದಿನಕ್ಕೊಂದು ಕೋನ ತೋರಿಸುತ್ತದೆ. ಒಂದೇ ತಗಡಿನಲ್ಲಿ ಕತ್ತರಿಸಿದ, ಎಲ್ ಆಕಾರದ ದೊಡ್ಡ ಉಕ್ಕಿನ ಮಟ್ಟವನ್ನು ಮಾತ್ರ, ಲೋಹದಲ್ಲಿ ಚುಕ್ಕೆ ಕುಟ್ಟುವ ಚೂಪು ಸಲಾಕೆಯಾದ ಸೆಂಟರ್ ಪಂಚ್‌ನಿಂದ ತಿದ್ದಬಹುದು. ಕೋನ ಕಿರಿದಾಗಿದ್ದರೆ ಒಳಮೂಲೆಯ ಹತ್ತಿರ, ಅಗಲವಾಗಿದ್ದರೆ ಹೊರಮೂಲೆಯ ಹತ್ತಿರ ಒಂದು ಸಣ್ಣ ಏಟು. ಏಟು ಬಿದ್ದಲ್ಲಿ ಲೋಹ ಹರಡಿ ಆ ಕಡೆ ತೆರೆದುಕೊಳ್ಳುತ್ತದೆ. ಕಿರಿದೋ ಅಗಲವೋ ತಿಳಿಯಲು ಪರೀಕ್ಷೆಯ ಗೆರೆಯನ್ನೇ ನೋಡಿ. ಗೆರೆ ಹಲಗೆಯ ಅಂಚಿಗೆ ಒತ್ತಿದ ತೋಳಿನ ಕಡೆಗೆ ವಾಲಿದ್ದರೆ ಕಿರಿದು, ಆಚೆಗೆ ವಾಲಿದ್ದರೆ ಅಗಲ. ಒಂದೊಂದು ಏಟಿಗೂ ಮತ್ತೆ ಗೆರೆ ಹಾಕಿ ನೋಡಿ, ಆತುರ ಬೇಡ. ಹಿಡಿ ಬೇರೆ ಪಟ್ಟಿ ಬೇರೆ ಇರುವ ಚಿಕ್ಕ ಮಟ್ಟವಾದರೆ ಪಟ್ಟಿಯ ಅಂಚನ್ನು ನುಣುಪಾದ ಅರದಿಂದ ತಿದ್ದಬೇಕು, ಅದಕ್ಕೆ ಕೈ ಪಳಗಿರಬೇಕು. ಇಲ್ಲವಾದರೆ ಅದರ ಮೇಲೆ ದೊಡ್ಡದಾಗಿ ಓರೆ ಅಂತ ಬರೆದು ಒರಟು ಕೆಲಸಕ್ಕೆ ಇಟ್ಟುಬಿಡಿ. ಕೈ ಜಾರಿ ನೆಲಕ್ಕೆ ಬಿದ್ದ ಮಟ್ಟವನ್ನು ನಾನಂತೂ ಈ ಪರೀಕ್ಷೆ ಮಾಡದೆ ಮತ್ತೆ ಮರಕ್ಕೆ ತಾಗಿಸುವುದಿಲ್ಲ. ಎರವಲು ತಂದದ್ದಕ್ಕೂ ಇದೇ ನಿಯಮ.

ಇನ್ನೊಂದು ಮಾತು. ಪ್ರತಿ ಪಟ್ಟಿಗೂ ಒಂದು ಮುಖ, ಒಂದು ಅಂಚು ಆರಿಸಿ ಗುರುತು ಮಾಡಿಟ್ಟುಕೊಳ್ಳಿ. ಮೂಲೆಮಟ್ಟ, ಗೇಜು (ಅಂಚಿಗೆ ಸಮಾಂತರವಾಗಿ ಗೆರೆ ಕೊರೆಯುವ ಸಾಧನ) ಎರಡನ್ನೂ ಅವಕ್ಕೇ ಒತ್ತಿ ಹಿಡಿಯಿರಿ. ಎದುರು ಅಂಚಿಗೆ ಹಿಡಿದರೆ ಪಟ್ಟಿಯ ಅಗಲದ ಏರುಪೇರೂ ಗೆರೆಗೆ ಸೇರಿಕೊಳ್ಳುತ್ತದೆ. ಅಂಟು ಹಾಕಿದ ಮೇಲೆ ಎರಡೂ ಕರ್ಣ ಅಳೆಯಿರಿ. ಕರ್ಣಗಳು ಸಮ ಅನ್ನುವುದಷ್ಟೇ ಸಾಲದು, ಎದುರುಬದುರಿನ ಪಟ್ಟಿಗಳ ಉದ್ದವೂ ಸಮ ಇರಬೇಕು.

ಪ್ರಶ್ನೆ: ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ. ಅಂಟು ಹಾಕಿ ಬಿಗಿ ಮಾಡಲೇ?

ದಯವಿಟ್ಟು ಮಾಡಬೇಡಿ. ಅದು ಅಲ್ಲಾಡಲೆಂದೇ ಇರುವುದು. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಸರಿಯುತ್ತದೆ. ಹೊರಗಿನಿಂದ ಸಿಕ್ಕಿಸಿ ಎಳೆದಾಗ ಮುಂದೆ ಬರುತ್ತದೆ, ಗೋಡೆಗೆ ಒತ್ತಿದಾಗ ಹಿಂದೆ ಹೋಗುತ್ತದೆ, ಎರಡೂ ಕಡೆ ಅಳತೆ ಸರಿ ಬರುತ್ತದೆ. ಬಿಗಿ ಮಾಡಿದರೆ ಒಂದು ಕಡೆ ಯಾವಾಗಲೂ ತಪ್ಪು. ಕೊಕ್ಕೆ ಬಾಗಿದ್ದರೆ, ತೂತು ಸವೆದು ದೊಡ್ಡದಾಗಿದ್ದರೆ ಮಾತ್ರ ಚಿಂತೆ ಮಾಡಿ.

ಪ್ರಶ್ನೆ: ಗೆರೆಗೆ ಚಾಕು ಬೇಕೇ, ಪೆನ್ಸಿಲ್ ಸಾಕೇ?

ಒರಟಾಗಿ ಕತ್ತರಿಸಲು ಪೆನ್ಸಿಲ್ ಸಾಕು. ಜಾಯಿಂಟಿಗೆ ಚಾಕುವೇ. ಅದು ಮೇಲಿನ ನಾರನ್ನು ಮೊದಲೇ ಕತ್ತರಿಸಿಡುತ್ತದೆ, ಆ ಸೀಳಿನಲ್ಲಿ ಉಳಿಯ ಬಾಯಿ ತಾನಾಗಿ ಕೂರುತ್ತದೆ. ಚಾಕುವಿನ ಚಪ್ಪಟೆ ಬದಿ ಮೂಲೆಮಟ್ಟದ ಕಡೆಗಿರಲಿ. ನಾರಿನ ಉದ್ದಕ್ಕೆ ಗೆರೆ ಬೇಕಾದರೆ ಚಾಕು ನಾರಿನ ಹಿಂದೆ ಓಡುತ್ತದೆ, ಅಲ್ಲಿ ಗೇಜು ಬಳಸಿ. ಬೆರಳ ತುದಿ ಮೂಲೆಮಟ್ಟದ ಪಟ್ಟಿಯ ಅಂಚಿನಿಂದ ಯಾವಾಗಲೂ ಹಿಂದಿರಬೇಕು. ಚಾಕು ಪಟ್ಟಿಯ ಮೇಲೆ ಹತ್ತಿತೆಂದರೆ ನೇರ ಬೆರಳಿಗೇ.

ಪ್ರಶ್ನೆ: ಲೇಸರ್ ಮೀಟರ್ ಇದ್ದರೆ ಟೇಪು ಬೇಡ ಅಲ್ವಾ?

ಕೋಣೆ ಅಳೆಯಲು ಸರಿ, ಜಾಯಿಂಟಿಗೆ ಬೇಡ. ಸಾಮಾನ್ಯ ಮೀಟರುಗಳೇ 1.5 ರಿಂದ 2 ಮಿ.ಮೀ. ಆಚೀಚೆ ಆಗಬಹುದು ಅಂತ ಹೇಳಿಕೊಂಡಿರುತ್ತವೆ.

ಪ್ರಶ್ನೆ: 0.01 ಮಿ.ಮೀ. ತೋರಿಸುವ ಡಿಜಿಟಲ್ ಕ್ಯಾಲಿಪರ್ ಹಿಡಿದು ಹಲಗೆಯ ಅಗಲ ಹೊಂದಿಸಬಹುದೇ?

ಸುಮ್ನೆ ಸಮಯ ಹಾಳು. ಗಾಳಿಯ ತೇವ ಬದಲಾದರೆ ಹಲಗೆ ಅಗಲದಲ್ಲಿ ಅದರ ಹತ್ತಾರು ಪಟ್ಟು ಹಿಗ್ಗಿ ಕುಗ್ಗುತ್ತದೆ.

ಪ್ರಶ್ನೆ: ಇಂಚೋ ಮಿಲಿಮೀಟರೋ?

ಯಾವುದಾದರೂ ಸರಿ, ಒಂದೇ ಕೆಲಸದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ನನ್ನ ಎರಡು ಟೇಪುಗಳಿಗೆ 5 ಮೀಟರಿನಲ್ಲಿ 2 ಮಿ.ಮೀ. ವ್ಯತ್ಯಾಸ. ಯಾವುದು ಸುಳ್ಳು?

ಎರಡೂ ನಿಯಮದ ಒಳಗೇ ಇರಬಹುದು. ಟೇಪಿನ ಮೇಲೆ ರೋಮನ್ ಅಂಕೆಯಲ್ಲಿ ದರ್ಜೆ ಅಚ್ಚಾಗಿದೆಯೇ ನೋಡಿ. ಯುರೋಪಿನ ನಿಯಮದಂತೆ ಎರಡನೇ ದರ್ಜೆಯ ಟೇಪಿಗೆ 0.3 ಮಿ.ಮೀ. ಜೊತೆಗೆ ಪ್ರತಿ ಮೀಟರಿಗೆ 0.2 ಮಿ.ಮೀ. ರಿಯಾಯಿತಿ ಇದೆ. 5 ಮೀಟರಿಗೆ 1.3 ಮಿ.ಮೀ. ಆಯಿತು. ಒಂದು ಹೆಚ್ಚು ತೋರಿಸಿ ಇನ್ನೊಂದು ಕಡಿಮೆ ತೋರಿಸಿದರೆ ವ್ಯತ್ಯಾಸ 2.6 ಮಿ.ಮೀ.ವರೆಗೂ ಹೋಗಬಹುದು, ಕೊಕ್ಕೆಯ ತಪ್ಪು ಬೇರೆ. ಮೊದಲನೇ ದರ್ಜೆಯದ್ದಾದರೆ 5 ಮೀಟರಿಗೆ 0.6 ಮಿ.ಮೀ. ಅಷ್ಟೇ. ಒಂದು ಕೆಲಸವನ್ನು ಒಂದೇ ಟೇಪಿನಲ್ಲಿ ಮುಗಿಸಿ. ಒಂದೇ ಅಳತೆಯ ನಾಲ್ಕು ಪಟ್ಟಿ ಬೇಕಾದರೆ ಟೇಪನ್ನು ಒಂದೇ ಸಲ ಬಿಚ್ಚಿ, ಒಂದು ತೆಳು ಕೋಲಿಗೆ ಅಳತೆ ಕೊರೆದುಕೊಂಡು, ಉಳಿದದ್ದನ್ನೆಲ್ಲ ಆ ಕೋಲಿನಿಂದಲೇ ಗುರುತಿಸಿ.