ಹೊಲದಲ್ಲಿ ಸೋಲುವ ಮಾಡೆಲ್

ಪ್ರಶ್ನೆ: 24 ತಾಸಿನ ಎಐ ಹ್ಯಾಕಥಾನ್‌ಗೆ (ಒಂದೇ ಸಮನೆ ಕೂತು ಆ್ಯಪ್ ಕಟ್ಟುವ ಸ್ಪರ್ಧೆ) ಸಿದ್ಧರಾಗುತ್ತಿದ್ದೇವೆ. ಮೆಕ್ಕೆಜೋಳದ ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್ ನಮ್ಮದು. ಲ್ಯಾಪ್‌ಟಾಪ್‌ನಲ್ಲಿ 97% ಸರಿ, ಹೊಲದಲ್ಲಿ ತಪ್ಪು. ಏಕೆ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಂದೇ ಗಿಡದ ಮೂರು ಫೋಟೊ ತರಬೇತಿಗೆ, ನಾಲ್ಕನೆಯದು ಪರೀಕ್ಷೆಗೆ ಹೋಗಿದ್ದರೆ ಮಾಡೆಲ್ (ಫೋಟೊ ನೋಡಿ ರೋಗ ಗುರುತಿಸುವ ಪ್ರೋಗ್ರಾಂ) ಕಲಿತಿಲ್ಲ, ಉರು ಹೊಡೆದಿದೆ ಅಷ್ಟೆ. ಹೊಲವಾರು ವಿಂಗಡಿಸಿ, ಒಂದು ಹೊಲದ ಫೋಟೊಗಳೆಲ್ಲ ತರಬೇತಿ ಅಥವಾ ಪರೀಕ್ಷೆ, ಒಂದೇ ಕಡೆ ಇರಲಿ. ಬಿಳಿ ಹಾಳೆಯ ಮೇಲಿಟ್ಟು ತೆಗೆದವು ಸಾಲವು. ಬಿಸಿಲು, ನೆರಳು, ಮಣ್ಣು ಮೆತ್ತಿದ ಎಲೆ ಎಲ್ಲವೂ ಬೇಕು. ಅಂಕ 80ಕ್ಕೆ ಇಳಿದರೆ ಗಾಬರಿ ಬೇಡ, ಅದೇ ನಿಜವಾದ ಅಂಕ.

ಮಾಡೆಲ್ಲನ್ನು ಮೊದಲಿನಿಂದ ಕಟ್ಟುವ ಹುಚ್ಚು ಬೇಡ. ಚಿತ್ರ ಗುರುತಿಸಲು ಮೊದಲೇ ಕಲಿತಿರುವ ಮೊಬೈಲ್‌ನೆಟ್ ವಿ2 ಮಾಡೆಲ್ ತೆಗೆದುಕೊಂಡು, ಚಿತ್ರಗಳನ್ನು 224×224 ಪಿಕ್ಸೆಲ್‌ಗೆ ಇಳಿಸಿ, ಕೊನೆಯ ಪದರಕ್ಕಷ್ಟೇ ತರಬೇತಿ ಕೊಡಿ. ತರಬೇತಿಗೆ ಬಳಸುವ ಗೂಗಲ್‌ನ ಉಚಿತ ಆನ್‌ಲೈನ್ ಸೇವೆ ಕೊಲ್ಯಾಬ್ ನಡುವೆಯೇ ಕೈಕೊಡಬಹುದು. ತರಬೇತಿಯ ಪ್ರತಿ ಸುತ್ತಿಗೂ ಗೂಗಲ್ ಡ್ರೈವ್‌ಗೆ ಸೇವ್ ಮಾಡಿ. ಸಭಾಂಗಣದ ವೈಫೈ ನಂಬದೆ ಡೆಮೊ ಫೋನಿನಲ್ಲೇ ಓಡಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಿರಿ.